ಕಲ್ಲುಸೇವೆ

ಆ ಪೋಲೆಂಡಿನವರಿಗೆ ಹಾಳುಬಿದ್ದದ್ದು ಅಂದರೆ ಪ್ರಾಣ. ಗೋಡೆ ಕುಸಿದಿರಬೇಕು, ಮೇಲೆ ಅರಳಿಗಿಡ ಹುಟ್ಟಿರಬೇಕು, ಒಳಗೆ ಬಾವಲಿ ನಾತ ಹೊಡೆಯಬೇಕು. ಅಂಥ ಜಾಗ ಕಂಡರೆ ಗಂಡ ಮಾರೆಕ್ ಕಾರು ನಿಲ್ಲಿಸು ಅನ್ನುತ್ತಿದ್ದ, ಹೆಂಡತಿ ಎವಾ ಕ್ಯಾಮೆರಾ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು, ಎಂಟು ವರ್ಷದ ಮಗಳು ಹಾನ್ಯಾ ಅಷ್ಟರಲ್ಲಿ ಒಳಗೆ ನುಗ್ಗಿಯೇ ಬಿಟ್ಟಿರುತ್ತಿದ್ದಳು.

ಮಾರೆಕ್‌ಗೆ ಕೋಲಾರದ ಆಚೆ ಒಂದು ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸ, ಎರಡು ವರ್ಷದ ಮಟ್ಟಿಗೆ. ಬೆಂಗಳೂರಿನಲ್ಲಿ ಲಿಫ್ಟಿರುವ ಮನೆ ಕೊಡುತ್ತೇವೆ ಅಂದರೂ ಎವಾ ಕೇಳಲಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ದೊರೆಗಳು ಬಿಟ್ಟುಹೋದ ಹಂಚಿನ ಬಂಗಲೆಯೊಂದನ್ನು ಹುಡುಕಿ, ಸೋರಿದರೂ ಸೈ ಅಂತ ಬಂದು ಕೂತಳು. ಭಾನುವಾರ ಬಂತೆಂದರೆ ಮೂರೂ ಜನ ಬಿಸಿಲಿಗೆ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ಬೂದಿಕೋಟೆಯ ಕೋಟೆ, ಆವಣಿಯ ಗುಡಿಗಳು, ಬೇತಮಂಗಲದ ದೇವಸ್ಥಾನ, ದೂರದ ಸೆಂಜಿ, ಹಂಪಿ, ಯಾವುದನ್ನೂ ಬಿಟ್ಟಿರಲಿಲ್ಲ.

"ನಮ್ಮಪ್ಪ ಭೂಮಿ ಒಳಗೆ ಮೈಲಿಗಟ್ಟಲೆ ಇಳಿದು ಚಿನ್ನ ತೆಗೆದ," ಅನ್ನುತ್ತಿದ್ದ ಡ್ರೈವರ್ ಕುಪ್ಪುಸ್ವಾಮಿ. "ಇವರು ಮೇಲೆ ನಿಂತು ಮಡಕೆ ಚೂರು ಆರಿಸ್ತಾರೆ. ಖುಷಿ ಮಾತ್ರ ಇವರಿಗೇ ಜಾಸ್ತಿ."

ಕಾರಿನ ಹಿಂದಿನ ಸೀಟಿನಲ್ಲಿ ಊಟದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವಳು ನವ್ಯ. ಬಂಗಲೆಯ ಕೆಲಸದ ಹುಡುಗಿ. ಬಂಗಾರಪೇಟೆಯಲ್ಲಿ ಸೋದರತ್ತೆ ಮಂಗಮ್ಮನ ಮನೆಯಲ್ಲಿದ್ದಳು. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬಂದರೆ ಸಂಜೆಯ ರೈಲಿಗೆ ವಾಪಸ್ಸು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದಳು. ಬಾಯಿ ಕಡಿಮೆ, ಕಣ್ಣು ಜಾಸ್ತಿ. ಎವಾಳ ತುಟಿ ನೋಡಿ ನೋಡಿಯೇ ಒಂದಿಷ್ಟು ಇಂಗ್ಲಿಷ್ ಹಿಡಿದಿದ್ದಳು. ಬೇರೆಯವರ ಇಂಗ್ಲಿಷಿಗಿಂತ ನವ್ಯಳ ಮುರುಕು ಇಂಗ್ಲಿಷೇ ಎವಾಗೆ ಸಲೀಸು. ಊರವರು ಏನಂದರೂ ಅವಳ ಕಡೆಗೇ ತಿರುಗುತ್ತಿದ್ದಳು.

ಹಾನ್ಯಾಳ ಹಿಂದೆ ಓಡುವ ಕೆಲಸವೂ ನವ್ಯಳದೇ. ಆ ಮಗುವನ್ನು ಪಾಳುಬಾವಿಯ ಹತ್ತಿರದಿಂದ ಕರೆಯಬೇಕಾದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ: "ಅಲ್ಲಿ ಹಾವಿದೆ." ಮೊದಮೊದಲು ಮಗು ಹೆದರಿ ಓಡಿಬರುತ್ತಿತ್ತು. ಆಮೇಲೆ ನಗಲು ಕಲಿಯಿತು.

ಊರೂರಿನ ಕಲ್ಲು, ಶಾಸನ ತೋರಿಸಲು ಅವರ ಜೊತೆ ಬರುತ್ತಿದ್ದವರು ಬೇತಮಂಗಲದ ಕೋದಂಡಪ್ಪ ಮೇಷ್ಟ್ರು. ರಿಟೈರಾದ ಮೇಲೆ ವೀರಗಲ್ಲು ಹುಡುಕುತ್ತಾ ಸೈಕಲ್ಲು ತುಳಿದವರು. ಅವರು ಕಲ್ಲುಗಳ ಜೊತೆಗೆ ಹುಡುಗಿಯನ್ನೂ ನೋಡಿದರು. ಬಿಸಿಲಿನಲ್ಲಿ ಮೂರು ಗಂಟೆ ಕೂತರೂ ಸಾಕಾಯಿತು ಅನ್ನದ ಹುಡುಗಿ. ತಂಗಿಯ ಮಗ ಶ್ರೀಧರನಿಗೆ ಆದೀತು ಅನ್ನಿಸಿತು. ಶ್ರೀಧರ ಎಂಟು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದ.

ನವ್ಯಳಿಗೂ ಅವನು ಬೇಕಾಗಿದ್ದ. ಕಾರಣ ಕೇಳಿದರೆ ಬೇರೆಯವರು ನಗುತ್ತಿದ್ದರು. ಒಮ್ಮೆ ಬೇತಮಂಗಲಕ್ಕೆ ಹೋದಾಗ ಶ್ರೀಧರ ಅವಳಿಗೆ ಒಂದು ಚೊಂಬು ಮಜ್ಜಿಗೆ ಕೊಟ್ಟ. ಅರ್ಧ ಕುಡಿದು ತೊಳೆದುಕೊಡಲು ನಲ್ಲಿ ಹುಡುಕಿದಳು. ಅವನು "ಇಲ್ಲಿ ತಾ" ಅಂತ ಚೊಂಬು ಕಿತ್ತುಕೊಂಡು, ಉಳಿದದ್ದನ್ನು ತುಟಿ ಹಚ್ಚಿಯೇ ಗಟಗಟ ಕುಡಿದುಬಿಟ್ಟ. ಅಷ್ಟೇ. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಯಾಕೆಂದರೆ ಅವಳ ತಾಯಿ ಅಂಜಮ್ಮನ ಕೈಯ ನೀರನ್ನು ಊರಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಅಂಜಮ್ಮನಿಗೆ ತೊನ್ನು. ತುಟಿಯಲ್ಲಿ ಒಂದು ಬಿಳಿ ಚುಕ್ಕೆಯಾಗಿ ಹುಟ್ಟಿ, ಕೈಗೆ ಇಳಿದು, ಕುತ್ತಿಗೆಗೆ ಏರಿತು. ಅವಳು ಕರೆದ ಹಾಲು ಬೇಡ ಅಂದರು. ಬಾವಿಯ ಹತ್ತಿರ ಅವಳು ಬೊಗಸೆ ಒಡ್ಡಿ ನಿಲ್ಲಬೇಕು. ಬೇರೆಯವರು ಬಿಂದಿಗೆ ತಗುಲದ ಹಾಗೆ ಮೇಲಿನಿಂದ ಹುಯ್ಯಬೇಕು. ನವ್ಯಳಿಗೆ ಹನ್ನೊಂದು ವರ್ಷವಿದ್ದಾಗ ಅಂಜಮ್ಮ ಜ್ವರದಲ್ಲಿ ಸತ್ತಳು. ಆ ವರ್ಷ ಮಳೆ ಹಿಂದೆಗೆದಿತ್ತು. ತೊನ್ನಿನವರನ್ನು ಮಣ್ಣಿಗಿಟ್ಟರೆ ಮೋಡ ಚದುರಿಹೋಗುತ್ತದೆ ಅಂತ ಊರು ಕೂತು ತೀರ್ಮಾನಿಸಿತು. ಅಂಥವರಿಗೆ ಆಗುವುದು ಕಲ್ಲುಸೇವೆ: ಗುಡ್ಡದ ಮೇಲೆ ಬರಿ ಬಂಡೆಯ ಮೇಲೆ ಮಲಗಿಸಿ ಸುತ್ತ ಕಲ್ಲು ಒಟ್ಟಿಬಿಡುವುದು. ಅಪ್ಪ ಮುನಿಸ್ವಾಮಪ್ಪ, ಜೊತೆಗೆ ಮೂವರು, ಹೊತ್ತುಕೊಂಡು ಹೋದರು. ಹೆಣ್ಣುಮಕ್ಕಳು ಹೋಗಬಾರದು. ನವ್ಯ ಹೋದಳು, ಬೇಲಿಯ ಮರೆಯಲ್ಲಿ ಕೂತು ನೋಡಿದಳು. ಕೊನೆಗೆ ಕಂಡದ್ದು ಪಾದ, ಎರಡನೇ ಬೆರಳಲ್ಲಿ ಮೀನಿನ ಕಾಲುಂಗುರ. ಅದರ ಮೇಲೂ ಕಲ್ಲು ಬಿತ್ತು. ಸ್ಕೂಲಿನಲ್ಲಿ ಪಕ್ಕದ ಹುಡುಗಿಯರು ಬೆಂಚು ಬಿಟ್ಟು ಎದ್ದಾಗ ಅವಳೂ ಸ್ಕೂಲು ಬಿಟ್ಟಳು. ಅತ್ತೆ ಬಂದು ಬಂಗಾರಪೇಟೆಗೆ ಕರೆದುಕೊಂಡಳು. ಅಪ್ಪ ಕುರಿಗಳ ಜೊತೆ ಅಲ್ಲೇ ಉಳಿದ.

ಕೋದಂಡಪ್ಪ ಮೇಷ್ಟ್ರು ಮಂಗಮ್ಮನ ಮನೆಗೆ ಬಂದು ಕೂತು ಕಾಫಿ ಕುಡಿದು ಹೇಳಿದ್ದರು: "ಕೊಡೋದು ತಗೊಳ್ಳೋದು ನಮಗೇನೂ ಬೇಡಮ್ಮ. ಹುಚ್ಚು, ಮೂರ್ಛೆ, ತೊನ್ನು, ಈ ಮೂರು ವಂಶದಲ್ಲಿ ಇರಬಾರದು. ಅಷ್ಟು ನೋಡಿಕೊಂಡರೆ ಸಾಕು."

"ನಮ್ಮ ಮನೇಲಿ ಒಂದು ಸಣ್ಣ ಮಚ್ಚೆನೂ ಇಲ್ಲ ಮೇಷ್ಟ್ರೇ," ಅಂದಳು ಮಂಗಮ್ಮ.

"ತಾಯಿ ಏನಾಗಿ ಹೋದದ್ದು?"

"ಜ್ವರ. ಒಲದಾಗೇ ಮಣ್ಣು ಮಾಡಿದ್ವಿ, ಮೇಲೊಂದು ತುಳಸಿಗಿಡನೂ ಐತೆ."

ಅವರು ಹೋದ ಮೇಲೆ ಲೋಟ ಎತ್ತುತ್ತಿದ್ದ ನವ್ಯಳ ರೆಟ್ಟೆ ಹಿಡಿದಳು ಮಂಗಮ್ಮ. "ಕೇಳ್ಸಿಕೊಂಡ್ಯೇನೇ? ಇದೊಂದು ತಪ್ಪಿದ್ರೆ ನಿನ್ನ ಕೇಳೋನು ಇನ್ನು ಉಟ್ಟಿ ಬರಬೇಕು. ಬರೋ ಗುರುವಾರ ನೋಡೋಕೆ ಬತ್ತಾರೆ. ನಿಮ್ಮಪ್ಪಂಗೂ ಏಳಿಕಳಿಸಿದೀನಿ, ಕ್ಷೌರ ಮಾಡಿಸ್ಕೊಂಡು ಬಾ ಅಂತ. ಬಾಯಿ ಬಿಟ್ಟೀಯ ಜೋಕೆ."

ಆ ಗುರುವಾರಕ್ಕೆ ಮೊದಲಿನ ಭಾನುವಾರ ಎವಾ ಕಂಪ್ಯೂಟರಿನಲ್ಲಿ ಆಕಾಶದಿಂದ ತೆಗೆದ ಒಂದು ಚಿತ್ರ ತೋರಿಸಿದಳು. ಕಾಮಸಮುದ್ರದ ಆಚೆ, ಆಂಧ್ರದ ಗಡಿಯ ಹತ್ತಿರ, ಒಂದು ಬೋಳು ಗುಡ್ಡ. ನೆತ್ತಿಯ ಮೇಲೆ ಕಲ್ಲಿನ ಸುತ್ತುಗಳು. "ಬಹಳ ಹಳೆಯ ಸಮಾಧಿಗಳು," ಅಂದಳು, ಕಣ್ಣು ಅರಳಿಸಿ.

ಬುಡದ ಕೆರೆಯ ಆಕಾರದಿಂದಲೇ ನವ್ಯ ತನ್ನೂರಿನ ಗುಡ್ಡ ಅಂತ ಗುರುತು ಹಿಡಿದಳು. "ಆ ಕಡೆ ಆನೆ ಬಂದಿದೆಯಂತೆ ಮೇಡಂ," ಅಂದಳು.

"ಆನೆ ರಾಗಿ ತಿನ್ನೋಕೆ ಬರುತ್ತೆ ಪಾಪಾ, ಕಲ್ಲು ತಿನ್ನೋಕಲ್ಲ," ಅಂದ ಕುಪ್ಪುಸ್ವಾಮಿ, ಕಾರು ಒರೆಸುತ್ತಾ.

ದಾರಿಯಲ್ಲಿ ಮೇಷ್ಟ್ರು ಹತ್ತಿದರು. ಊರೊಳಗೆ ಹೋಗದೆ ಕೆರೆ ಕಟ್ಟೆಯ ಮೇಲೆ ಕಾರು ನಿಲ್ಲಿಸಿ ಹತ್ತತೊಡಗಿದರು. ನವ್ಯ ವೇಲನ್ನು ಹಣೆಯವರೆಗೆ ಎಳೆದುಕೊಂಡಳು. ಬಿಸಿಲು ಜಾಸ್ತಿಯಾಯಿತಾ ಅಂತ ಎವಾ ಕೇಳಿ ತನ್ನ ಟೋಪಿ ಕೊಡಲು ಬಂದಳು.

ನೆತ್ತಿಯ ಪೂರ್ವಕ್ಕೆ ನಿಜವಾಗಿಯೂ ಹಳೆಯ ಕಲ್ಲುಸುತ್ತುಗಳಿದ್ದವು, ನಡುವೆ ಚಪ್ಪಡಿಯ ಗೂಡು. "ಜನ ಪಾಂಡವರ ಮನೆ ಅಂತಾರೆ. ಎರಡು ಸಾವಿರ ವರ್ಷಕ್ಕೆ ಕಡಿಮೆ ಇಲ್ಲ," ಅಂದರು ಮೇಷ್ಟ್ರು. ಗಂಡ ಹೆಂಡತಿ ಟೇಪು ಹಿಡಿದು ಅಳೆಯತೊಡಗಿದರು. ಹಾನ್ಯಾಗೆ ಅಳತೆ ಬೇಜಾರು. ಪಶ್ಚಿಮದ ಅಂಚಿಗೆ ಓಡಿದಳು. ಅಲ್ಲಿ ಮಲಗಿದ ಬಸವನಂಥ ಒಂದು ಬಂಡೆ, ಅದರ ಮಗ್ಗುಲಲ್ಲಿ ಒಂಟಿ ಕಲ್ಲುಗುಪ್ಪೆ. ಸುತ್ತು ಗಿತ್ತು ಏನಿಲ್ಲ, ಬರೀ ಗುಪ್ಪೆ. ಮಗು ಮಂಡಿಯೂರಿ ಸಂದಿಯ ಚಿಕ್ಕ ಕಲ್ಲುಗಳನ್ನು ಒಂದೊಂದಾಗಿ ತೆಗೆಯತೊಡಗಿತು.

"ಹಾನ್ಯಾ, ಬೇಡ. ಹಾವಿದೆ," ಅಂದಳು ನವ್ಯ.

ಹಾನ್ಯಾ ನಕ್ಕಳು. ಅವಳು ಆ ಹಾವನ್ನು ಬೂದಿಕೋಟೆಯಿಂದ ಸೆಂಜಿಯವರೆಗೆ ಕೇಳಿದ್ದಳು.

"ಬೇಡ ಬಾ. ಬಾ." ನವ್ಯ ಮಗುವಿನ ಕೈ ಹಿಡಿದು ಎಳೆದಳು. ಮಗು ಕೈ ಬಿಡಿಸಿಕೊಂಡು ಸಂದಿಯೊಳಗೆ ಭುಜದವರೆಗೆ ತೋಳು ತೂರಿಸಿ, ಏನನ್ನೋ ಹೊರತೆಗೆದು, ಅಮ್ಮನನ್ನು ಕೂಗಿತು.

ಎವಾ ಓಡಿಬಂದು ಪಕ್ಕದಲ್ಲೇ ಕೂತಳು. ಚೀಲದಿಂದ ಕುಂಚ ತೆಗೆದಳು. "ನವ್ಯ, ಬಟ್ಟೆ ಕೊಡು," ಅಂತ ಕೈಚಾಚಿದಳು. ನವ್ಯ ಬುಟ್ಟಿಯಲ್ಲಿ ಚಪಾತಿ ಸುತ್ತಿದ್ದ ಬಿಳಿ ಬಟ್ಟೆ ಬಿಡಿಸಿ ಕೊಟ್ಟಳು. ಅದರ ಮೇಲೆ ಎವಾ ಸಂದಿಗಳಿಂದ ತೆಗೆದ ಒಂದು ಕೆಳದವಡೆ ಇಟ್ಟಳು, ಬೆರಳಿನ ನಾಲ್ಕು ಮೂಳೆ, ಒಂದು ಕಾಲುಂಗುರ. ಹಲ್ಲಿಗೆ ಎಲೆಯಡಿಕೆಯ ಕರೆ ಹಿಡಿದಿತ್ತು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಅದು ಮುರಿದದ್ದು ಒನಕೆ ಜಾರಿ ಅಂತ ನವ್ಯಳಿಗೆ ಗೊತ್ತಿತ್ತು. ಎವಾ ಕುಂಚದಿಂದ ಆ ಹಲ್ಲನ್ನೇ ಮೆಲ್ಲಗೆ ಉಜ್ಜುತ್ತಿದ್ದಳು.

ಮೇಷ್ಟ್ರು ಬಂದು ಕನ್ನಡಕ ಹಾಕಿಕೊಂಡು ಕಾಲುಂಗುರ ಎತ್ತಿ ನೋಡಿದರು. "ಮೀನಿನ ಕೆಲಸ. ಬಾಲದ ಹತ್ತಿರ ಬೆಸುಗೆ ಹಾಕಿದೆ. ಇದು ನಮ್ಮ ಕಾಲದ್ದೇ." ಗುಪ್ಪೆ ನೋಡಿದರು, ಬೋಳು ಬಂಡೆ ನೋಡಿದರು. ತಟ್ಟನೆ ಅದನ್ನು ಬಟ್ಟೆಯ ಮೇಲೆ ಬಿಟ್ಟು, ಬೆರಳನ್ನು ಹುಲ್ಲಿಗೆ ಒರೆಸಿಕೊಂಡರು. "ಥೂ. ಕಲ್ಲುಸೇವೆ ಕಣಮ್ಮ ಇದು. ಯಾವುದೋ ತೊನ್ನಿನ ಹೆಂಗಸು."

ಇಂಗ್ಲಿಷಿನಲ್ಲೂ ವಿವರಿಸಿದರು. ಎವಾಳ ಮುಖ ಇಳಿದುಹೋಯಿತು. "ಹಳೆಯದಲ್ಲವಾ?" ಅಂದಳು.

"ನೀನು ಈ ಸೀಮೆಯವಳಲ್ವೇನಮ್ಮ," ಮೇಷ್ಟ್ರು ನವ್ಯಳ ಕಡೆ ತಿರುಗಿದರು. "ಯಾರದು ಅಂತ ಏನಾದರೂ ಗೊತ್ತಾ?"

"ಇಲ್ಲ ಸಾರ್," ಅಂದಳು ನವ್ಯ. "ನಮ್ಮೂರು ಈ ಕಡೆ ಅಲ್ಲ, ಆಚೆಗೆ." ಕೈಯೆತ್ತಿ ತೋರಿಸಿದಳು. ತೋರಿಸಿದ ಕಡೆ ಊರೇ ಇರಲಿಲ್ಲ, ಕಾಡಿತ್ತು.

ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿತು. "ಯಾರ್ಲಾ ಅದು? ನನ್ನ ಯೆಂಡ್ತಿ ಕಲ್ಲು ಕೀಳ್ತಿರೋರು ಯಾರ್ಲಾ?" ಕುರಿ ಬಿಟ್ಟು, ಕೋಲು ಹಿಡಿದು, ಏದುಸಿರು ಬಿಡುತ್ತಾ ಮುನಿಸ್ವಾಮಪ್ಪ ಹತ್ತಿಬಂದ. ಬಿಳಿಯರನ್ನು ಕಂಡು ಕೋಲು ಇಳಿಸಿದ. ಬಟ್ಟೆಯ ಮೇಲಿದ್ದದ್ದನ್ನು ನೋಡಿದ. ಆಮೇಲೆ ಬುಟ್ಟಿ ಹಿಡಿದು ನಿಂತಿದ್ದ ಮಗಳನ್ನು.

ನವ್ಯ ಅಲುಗಾಡಲಿಲ್ಲ. ವೇಲಿನ ಕೆಳಗಿನಿಂದ ಅಪ್ಪನನ್ನು ನೋಡುತ್ತಾ ತಲೆಯನ್ನು ಇಷ್ಟೇ ಇಷ್ಟು ಅಡ್ಡಕ್ಕೆ ಆಡಿಸಿದಳು. ಅಡ್ಡ ಬಂದ ನೊಣ ಓಡಿಸುವವರ ಹಾಗೆ.

"ನಿನ್ನ ಹೆಂಡತಿಯೇನಪ್ಪ?" ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ಕೇಳಿದರು. "ತೊನ್ನಿತ್ತಾ?"

"ಊಂ ಸಾಮಿ."

"ಮಕ್ಕಳು ಮರಿ ಇದ್ದಾರೋ? ಅವಕ್ಕೂ ಇಳಿದಿದೆಯೋ?"

ಮುನಿಸ್ವಾಮಪ್ಪ ಕೆಳಗೆ ಚದುರಿದ ಕುರಿಗಳ ಕಡೆ ನೋಡಿದ. ಎಣಿಸುತ್ತಿದ್ದಾನೇನೋ ಅನ್ನುವಷ್ಟು ಹೊತ್ತು ನೋಡಿದ. "ಮಕ್ಳಿಲ್ಲ ಸಾಮಿ."

ಎವಾ ಎಂದಿನಂತೆ ನವ್ಯಳ ತೋಳು ಮುಟ್ಟಿದಳು. "ಏನಂದರು ಆತ?"

"ಮಕ್ಕಳಿಲ್ಲವಂತೆ ಮೇಡಂ," ಅಂದಳು ನವ್ಯ, ಇಂಗ್ಲಿಷಿನಲ್ಲಿ.

ಮಾರೆಕ್‌ಗೆ ನಾಚಿಕೆಯಾಗಿತ್ತು. ಎಲ್ಲವನ್ನೂ ಇದ್ದ ಹಾಗೆ ವಾಪಸ್ಸು ಇಡು ಅಂತ ಮಗಳನ್ನು ಗದರಿದ. ಹಾನ್ಯಾ ಬೆನ್ನು ತಿರುಗಿಸಿ ಒಂದೊಂದಾಗಿ ಸಂದಿಯೊಳಗೆ ಇಟ್ಟಳು. ಒಂದನ್ನು ಮಾತ್ರ ಕಾಲುಚೀಲದೊಳಗೆ ಇಳಿಬಿಟ್ಟಳು. ಅದನ್ನು ಯಾರೂ ನೋಡಲಿಲ್ಲ, ಎಲ್ಲವನ್ನೂ ನೋಡುವ ನವ್ಯಳೂ ನೋಡಲಿಲ್ಲ. ಅವಳು ಅಪ್ಪನ ಗಡ್ಡ ನೋಡುತ್ತಿದ್ದಳು.

"ಕಲ್ಲು ಸರಿಯಾಗಿ ಮುಚ್ಚಯ್ಯ," ಅಂದರು ಮೇಷ್ಟ್ರು. "ಊರಿನ ಮಳೆ ಹೋದರೆ ನಮ್ಮ ತಲೆಗೆ ಬರುತ್ತೆ."

ಮುನಿಸ್ವಾಮಪ್ಪ ಬಾಗಿ ಒಂದೊಂದೇ ಕಲ್ಲು ಇಡತೊಡಗಿದ. ಎವಾಗೆ ಕಣ್ಣು ತುಂಬಿತ್ತು. ಪಾಪ, ಆತನಿಗೆ ಊಟವಾದರೂ ಕೊಡು ಅಂತ ನವ್ಯಳಿಗೆ ಹೇಳಿದಳು. ನವ್ಯ ಚಪಾತಿಯ ಡಬ್ಬಿ ತೆಗೆದು ಅಪ್ಪನ ಹತ್ತಿರ ಹೋದಳು. ಅವನೂ ಕೈ ಚಾಚಿದ.

"ಕೈಗೆ ಕೊಡಬೇಡಮ್ಮ," ಅಂದರು ಹಿಂದಿನಿಂದ ಮೇಷ್ಟ್ರು. "ಎಷ್ಟಾದರೂ ಅವಳ ಜೊತೆ ಬಾಳಿದ ಮನುಷ್ಯ. ಕಲ್ಲ ಮೇಲಿಡು. ತಗೋತಾನೆ."

ನವ್ಯ ಕಲ್ಲ ಮೇಲಿಟ್ಟಳು.

ವಾಪಸ್ಸು ಬರುವಾಗ ಕಾರಿನಲ್ಲಿ ಎವಾ ಹೇಳಿದಳು: ತನ್ನ ತಂದೆಗೂ ಆ ಬಿಳಿ ಮಚ್ಚೆಗಳಿವೆ, ಅದು ಯಾರಿಗೂ ಅಂಟುವುದಿಲ್ಲ, ಅವರೂರಿನಲ್ಲಿ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

"ಸರಿ ಹೋಯ್ತು," ಅಂದ ಕುಪ್ಪುಸ್ವಾಮಿ, ಎವಾಗೆ ತಿಳಿಯದ ಹಾಗೆ ಕನ್ನಡದಲ್ಲಿ. "ಮೈಯೆಲ್ಲಾ ಬಿಳೀನೇ ಇರೋರಿಗೆ ಮಚ್ಚೆ ಎಲ್ಲಿ ಕಾಣುತ್ತೆ? ಒಂದು ರೊಟ್ಟಿಯಷ್ಟು ಬೆಳ್ಳಗಾದ್ರೆ ಕಲ್ಲು ಹಾಕ್ತೀವಿ. ಪೂರ್ತಿ ಬೆಳ್ಳಗಾದ್ರೆ ಮೇಡಂ ಅಂತೀವಿ."

ಮೇಷ್ಟ್ರೂ ನಕ್ಕರು. ನವ್ಯಳೂ ನಕ್ಕಳು, ನಗದಿದ್ದರೆ ತಿಳಿದುಬಿಡುತ್ತದೆ ಅಂತ.

ಮನೆಗೆ ಬಂದು ಎಲ್ಲ ಹೇಳಿದಾಗ ಮಂಗಮ್ಮ ಹಣೆ ಚಚ್ಚಿಕೊಳ್ಳಲಿಲ್ಲ. ಹುರುಳಿಕಾಳು ಆರಿಸುತ್ತಾ ಕೇಳಿದಳು. "ಮೇಷ್ಟ್ರು ಅವನ ಮುಖ ಸರಿಯಾಗಿ ನೋಡಿದ್ರಾ?"

"ಮಾತಾಡಿಸಿದ್ರು."

"ಅಂಗಾದ್ರೆ ಮುಗೀತು. ಗುರುವಾರ ಅವನು ಬಂದು ಅಪ್ಪ ಅಂತ ಕೂರಂಗಿಲ್ಲ. ನಿಮ್ಮಪ್ಪನೇ ಈಗ ಫೋನ್ ಮಾಡಿದ್ದ. ನಾನಿಲ್ಲ ಅಂತ ಏಳ್ಬಿಡಕ್ಕ ಅಂದ. ಓದ ವರ್ಷ ತೀರ್ಕೊಂಡ ಅಂತೀನಿ. ಧಾರೆ ನಾನು ನಿಮ್ಮ ಮಾವ ಎರೀತೀವಿ."

"ಮದುವೆಗೂ ಬರಂಗಿಲ್ವಾ ಅತ್ತೆ?"

"ಸತ್ತೋನು ಮದುವೆಗೆ ಬತ್ತಾನೇನೇ?" ಮಂಗಮ್ಮ ಒಂದು ಕಲ್ಲು ಆರಿಸಿ ಎಸೆದಳು. ಇನ್ನೊಂದು ಹಿಡಿ ಕಾಳು ಹರಡಿಕೊಂಡು ಅಂದಳು: "ನಿನ್ನ ಸೀರೇಲಿ ನೋಡಬೇಕು ಅಂತ ಅತ್ತ. ಎದುರುಗಡೆ ಟೀ ಅಂಗಡಿ ತಾವ ತಲೆಗೆ ಟವಲ್ ಸುತ್ಕೊಂಡು ನಿಂತ್ಕೊ, ಬಾಗಿಲಿಗೆ ಬಂದಾಗ ನೋಡ್ಕೊಂಡು ಓಗು ಅಂದೀನಿ. ನೀನು ಆ ಕಡೆ ಕಣ್ಣು ಆಯಿಸಬೇಡ."

ಗುರುವಾರ ಶ್ರೀಧರ, ಅವನ ತಾಯಿ, ಕೋದಂಡಪ್ಪ ಮೇಷ್ಟ್ರು ಬಂದರು. ಪೋಲೆಂಡಿನವರೂ ಬಂದರು, ಹೆಣ್ಣು ನೋಡುವ ಶಾಸ್ತ್ರ ನೋಡಬೇಕು ಅಂತ ಎವಾ ಆಸೆಪಟ್ಟಿದ್ದಳು, ಬಿಳಿಯರನ್ನು ಕರೆತರುವುದು ಮೇಷ್ಟ್ರಿಗೂ ದೊಡ್ಡಸ್ತಿಕೆ. ಬೋಂಡ, ಕೇಸರಿಬಾತು ಆಯಿತು. ಮೇಷ್ಟ್ರು ಹುಡುಗಿಯ ತಂದೆಯ ಸಾವಿಗೆ ಎರಡು ಮಾತು ವ್ಯಸನಪಟ್ಟರು. ಶ್ರೀಧರ ನವ್ಯಳನ್ನು ನೋಡಿ ತಟ್ಟೆಯ ಕಡೆ ಮುಖ ಮಾಡಿ ನಕ್ಕ. ಅವನ ತಾಯಿ ಹೂ ಮುಡಿಸಿದರು. ಒಪ್ಪಿಗೆ ಅಂದರು.

ಆಗ ಹಾನ್ಯಾ ಎದ್ದು ಬಂದಳು. ಮದುವೆಯಾಗುವ ಹೆಣ್ಣು ಕಾಲಿಗೆ ಉಂಗುರ ಹಾಕಬೇಕು ಅಂತ ಅವಳಿಗೆ ಗೊತ್ತಿತ್ತು, ನವ್ಯಳೇ ಯಾವಾಗಲೋ ಹೇಳಿಕೊಟ್ಟಿದ್ದಳು. ಬೆಳ್ಳಿಯನ್ನು ಹಲ್ಲುಜ್ಜುವ ಪೇಸ್ಟಿನಿಂದ ಬೆಳಗಬೇಕು ಅಂತಲೂ ಕಲಿಸಿದ್ದಳು. ಪುಟ್ಟ ಡಬ್ಬಿ ತೆರೆದು ಹಿಡಿದಳು. ಫಳಫಳ ಹೊಳೆಯುವ ಮೀನು.

"ಅಯ್ಯೋ ನೋಡ್ರಿ ಈ ಮಗು ಬುದ್ಧಿಯ," ಅಂತ ಶ್ರೀಧರನ ತಾಯಿ ಅದನ್ನು ಎತ್ತಿ ಅಂಗೈಯಲ್ಲಿ ತೂಗಿದರು. "ಗಟ್ಟಿ ಬೆಳ್ಳಿ. ಅಣ್ಣ, ನೋಡು."

ಮೇಷ್ಟ್ರು ನೋಡಿದರು. ಬಾಲದ ಬೆಸುಗೆ ನೋಡಿದರು. "ಕೆಳಗಿಡು ಅದನ್ನ," ಅಂದರು. "ಆ ಗುಡ್ಡದ್ದು ಅದು. ಅವತ್ತು ಹೇಳಲಿಲ್ಲವಾ, ತೊನ್ನಿನವಳದ್ದು."

ಕಾಲುಂಗುರ ಟಿಣ್ಣೆಂದು ಬಿದ್ದು ನವ್ಯಳ ಪಾದದ ಹತ್ತಿರ ನಿಂತಿತು. ಶ್ರೀಧರನ ತಾಯಿ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದರು. ಎವಾ ಮಗಳನ್ನು ತನ್ನ ಭಾಷೆಯಲ್ಲಿ ಬೈದಳು, ಮಗು ಅತ್ತಿತು. ಅದನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಮಂಗಮ್ಮ ಕ್ಯಾಲೆಂಡರ್ ನೋಡುತ್ತಾ ನಿಂತಳು.

"ನೀನೇ ಎತ್ತಿ ಚರಂಡಿಗೆ ಹಾಕಿ ಬಾರಮ್ಮ," ಅಂದರು ಮೇಷ್ಟ್ರು ನವ್ಯಳಿಗೆ, ಗದರದೆ, ಮೆತ್ತಗೆ. "ಶುಭಕಾರ್ಯದ ಮನೆಯಲ್ಲಿ ಇರಬಾರದು."

ನವ್ಯ ಬಾಗಿ ಎತ್ತಿಕೊಂಡಳು. ಅದು ಇನ್ನೂ ಪೇಸ್ಟಿನ ವಾಸನೆ ಬೀರುತ್ತಿತ್ತು. ಬಾಗಿಲು ದಾಟಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈ ಬೀಸಿದರೆ ಯಾರಿಗೆ ತಿಳಿದೀತು ಅಂದುಕೊಂಡಳು. ತಿರುಗಿ ನೋಡಿದರೆ ಶ್ರೀಧರನ ತಾಯಿ ಹೊಸ್ತಿಲಲ್ಲೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದರು.

ರಸ್ತೆಯ ಆಚೆ ಟೀ ಅಂಗಡಿಯ ಮುಂದೆ, ತಲೆಗೆ ಟವಲ್ ಸುತ್ತಿಕೊಂಡವನು ಲೋಟ ಹಿಡಿದು ನಿಂತಿದ್ದ. ಕ್ಷೌರ ಮಾಡಿಸಿಕೊಂಡಿದ್ದ. ಆ ಕಡೆ ಕಣ್ಣು ಹಾಯಿಸಬೇಡ ಅಂತ ಅತ್ತೆ ಹೇಳಿದ್ದಳು, ಅವಳು ಹಾಯಿಸಲಿಲ್ಲ. ಆದರೂ ಅಂಗೈಯಲ್ಲಿ ಮೀನು ಹೊಳೆದದ್ದು, ಆ ಲೋಟ ಬಾಯಿಯ ಹತ್ತಿರ ನಿಂತದ್ದು, ಎರಡೂ ಅವಳಿಗೆ ಕಂಡವು. ಕೈ ಚಾಚಿ ಬಿಟ್ಟಳು. ಚರಂಡಿಯ ಕಪ್ಪು ನೀರು ಒಂದು ಗುಳ್ಳೆ ಎಬ್ಬಿಸಿ ಸುಮ್ಮನಾಯಿತು.

ಟವಲಿನವನು ಲೋಟವನ್ನು ಕಟ್ಟೆಯ ಮೇಲಿಟ್ಟ. ಟೀ ಅರ್ಧ ಉಳಿದಿತ್ತು. ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

"ಹೇಳಿದ ಮಾತು ಕೇಳುತ್ತೆ ಹುಡುಗಿ," ಒಳಗಿನಿಂದ ಮೇಷ್ಟ್ರ ದನಿ ಕೇಳಿತು. "ಅದಕ್ಕೇ ನಾನು ಹೇಳಿದ್ದು."

"ಶ್ರೀಧರಾ, ಅವಳ ಕೈ ತೊಳಿಸೋ," ಅಂದರು ತಾಯಿ.

ಶ್ರೀಧರ ಚೊಂಬಿನಲ್ಲಿ ನೀರು ತಂದ. ಮಜ್ಜಿಗೆ ಕೊಟ್ಟ ದಿನದ ಹಾಗೆಯೇ ನಗುತ್ತಿದ್ದ. ನವ್ಯ ಚೊಂಬಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ. "ಹಿಡಿ," ಅಂದ. ಅವಳು ಬೊಗಸೆ ಒಡ್ಡಿದಳು. ಅವನು ಚೊಂಬನ್ನು ಎದೆಯ ಮಟ್ಟಕ್ಕೆ ಎತ್ತಿ, ಎಲ್ಲಿಯೂ ತಗುಲದ ಹಾಗೆ, ಮೇಲಿನಿಂದ ನೀರು ಹುಯ್ದ.